ರಾಣಿಯ ಅಳತೆ

ಭಾದ್ರಪದದ ಕೃಷ್ಣಪಕ್ಷ ಅರ್ಧ ಕಳೆದಿದ್ದ ಒಂದು ಮಧ್ಯಾಹ್ನ, ಮೂರು ಗಂಟೆಯ ಹೊತ್ತಿನಲ್ಲಿ ಅದು ಶುರುವಾಯಿತು. ಮಳೆ ಬಂದೇ ಬರುತ್ತದೆ ಎನ್ನುವ ಹಾಗೆ ಕವಿದು, ಬಾರದೆ, ಹೋಗಲೂ ಆಗದೆ ನಿಂತ ಮೋಡ. ಏರ್‌ಪೋರ್ಟ್ ರಸ್ತೆಯ ನೆತ್ತಿಯ ಮೇಲೆ ಕಂಬ ಎಬ್ಬಿಸಿ ಇನ್ನೊಂದು ರಸ್ತೆ ಕಟ್ಟುತ್ತಿದ್ದ ವರ್ಷ ಅದು. ಅಲ್ಲಿನ ಸಿಮೆಂಟಿನ ಧೂಳು ಕೊಡಿಗೇಹಳ್ಳಿಯ ಒಳಕೇರಿಯವರೆಗೂ ಬಂದು ಮುನಿಕೆಂಪಮ್ಮನ ಮೊರದ ಅಕ್ಕಿಯ ಮೇಲೆ ಕೂರುತ್ತಿತ್ತು. ಅವಳು ಜಗಲಿಯ ಮೇಲೆ, ಕಿಟಕಿಯ ಕೆಳಗೆ ಕಾಲು ಚಾಚಿಕೊಂಡು ಮಹಾಲಯ ಅಮಾವಾಸ್ಯೆಯ ಎಡೆಗೆ ಅಕ್ಕಿ ಆರಿಸುತ್ತಿದ್ದಳು. ಕಿಟಕಿಯ ಆ ಕಡೆ, ನಡುಮನೆಯಲ್ಲಿ, ಮಗಳು ರಾಣಿ ಕಂಪ್ಯೂಟರಿನ ಜಾವಾ ಪಾಠ ಹೇಳಿಕೊಡುತ್ತಿದ್ದಳು. ಪರೀಕ್ಷೆಯಲ್ಲಿ ಆ ಒಂದು ಪೇಪರು ಉಳಿಸಿಕೊಂಡ ಕಾಲೇಜು ಹುಡುಗ ಹುಡುಗಿಯರು ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಜಾವಾ ಎಂದರೆ ಏನೆಂದು ಮುನಿಕೆಂಪಮ್ಮನಿಗೆ ಗೊತ್ತಿರಲಿಲ್ಲ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೆ ಪಾಠದ ದನಿ ಗೊತ್ತಿತ್ತು. ಪಕ್ಕದ ಮನೆಯ ಹಿಟ್ಟಿನ ಗಿರಣಿ ಯಾವಾಗ ರಾಗಿ ಅರೆಯುತ್ತದೆ, ಯಾವಾಗ ಗೋಧಿ ಅರೆಯುತ್ತದೆ ಎಂದು ಸದ್ದಿನಲ್ಲೇ ತಿಳಿಯುವ ಹಾಗೆ. ನಿನ್ನೆಯ ಪಾಠ ಅರೇ. ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳ ಹಾಗಂತೆ ಅದು. ಎಷ್ಟು ಮನೆ ಎಂದು ಕಟ್ಟುವಾಗಲೇ ಹೇಳಬೇಕಂತೆ, ಆಮೇಲೆ ಒಂದನ್ನೂ ಸೇರಿಸುವ ಹಾಗಿಲ್ಲವಂತೆ, ಮತ್ತು ಮೊದಲನೆಯ ಮನೆಯ ನಂಬರು ಒಂದಲ್ಲವಂತೆ, ಸೊನ್ನೆಯಂತೆ. "ಮೊದಲನೇದು ಸೊನ್ನೆ ಹೆಂಗಾಗುತ್ತೆ ಮೇಡಂ, ಅಲ್ಲಿ ಯಾರೂ ಇಲ್ವಾ?" ಎಂದು ಯಾರೋ ಕೇಳಿದ್ದರು. "ಇದಾರೆ ಕಣೋ. ನಾವು ಒಂದು ಅನ್ನೋಕೆ ಮುಂಚೆನೇ ಇದಾರೆ," ಎಂದಿದ್ದಳು ರಾಣಿ. ಆ ಮಾತು ಮುನಿಕೆಂಪಮ್ಮನಿಗೆ ಊಟದ ಹೊತ್ತಿನಲ್ಲಿ ಮತ್ತೆ ನೆನಪಾಗಿತ್ತು.

ಇವತ್ತು ಏನೋ ಜಗಳ ನಡೆದಿತ್ತು. ಅಬ್ಬಿಗೆರೆಯಿಂದ ಬರುವ ಮುಬಶ್ಶಿರ್, ಬಾಯಿ ಸುಮ್ಮನಿರದವನು, ಲ್ಯಾಪ್‌ಟಾಪಿಗೆ ಬೈಯುತ್ತಿದ್ದ.

"ಮೇಡಂ, ಇದು ಸುಳ್ಳು ಹೇಳ್ತಾ ಇದೆ. ಅರೇಲಿ ಒಂದಷ್ಟು ಹೆಸರು ಹಾಕಿದೀನಿ, ನಿಮ್ಮ ಹೆಸರೂ ಹಾಕಿದೀನಿ. ಈಗ ರಾಣಿ ಅಂತ ಟೈಪ್ ಮಾಡಿ ಹುಡುಕು ಅಂದ್ರೆ, ಇಲ್ಲ ಅಂತಿದೆ. ಕಣ್ಮುಂದೇನೇ ಇದೆ, ಇಲ್ಲ ಅಂತಿದೆ!"

"ನಿನ್ ಥರಾನೇ ಬಿಡು. ಕ್ಲಾಸಲ್ಲಿ ಕೂತಿದ್ರೂ ಆಬ್ಸೆಂಟು," ಎಂದಳು ಗಜಾಲಾ. ನಗು.

"ಸುಮ್ನಿರೇ ತಾಯಿ. ಮೇಡಂ, ಇನ್ನೊಂದ್ ಸಲ ನೋಡಿ. ರಾಣಿ... ರಾಣಿ..." ಅವನು ಒಂದೊಂದೇ ಅಕ್ಷರ ಒತ್ತುತ್ತ, ಯಾರನ್ನೋ ಬೀದಿಯ ತುದಿಯಿಂದ ಕರೆಯುವ ಹಾಗೆ ಗಟ್ಟಿಯಾಗಿ ಕೂಗಿದ.

ಮುನಿಕೆಂಪಮ್ಮನಿಗೆ ಮೊರದ ಮೇಲೆಯೇ ತೂಕಡಿಕೆ ಬಂದಿತ್ತು. ಆ ಕರೆ ಕಿವಿಗೆ ಬಿದ್ದದ್ದೇ, "ಬಂದ್ಲಾ?" ಎಂದುಬಿಟ್ಟಳು. ಮೆತ್ತಗಲ್ಲ, ಒಳಗಿನವರಿಗೆಲ್ಲ ಕೇಳುವ ಹಾಗೆ. ಒಂದು ಗಳಿಗೆ ಪಾಠ ನಿಂತಿತು. ಆಮೇಲೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. "ಅಜ್ಜಿ, ನಿಮ್ ಮಗಳು ಇಲ್ಲೇ ಇದಾರೆ, ಎಲ್ಲೂ ಹೋಗಿಲ್ಲ," ಎಂದ ಮುಬಶ್ಶಿರ್. ಕಿಟಕಿಯ ಸರಳಿನ ಹಿಂದೆ ರಾಣಿಯ ಮುಖ ಬಂತು. ಅವಳು ನಗುತ್ತಿರಲಿಲ್ಲ. ಕೈಯಲ್ಲಿ ಬೋರ್ಡಿನ ಪೆನ್ನು ಹಿಡಿದು, ತಾಯಿಯನ್ನು ಒಂದಿಷ್ಟು ಹೊತ್ತು ನೋಡಿ, "ಯಾರಮ್ಮ?" ಎಂದಳು. "ಯಾರೂ ಇಲ್ಲ ಕಣೆ. ಅಕ್ಕಿ ನೋಡ್ತಿದ್ದೆ." ರಾಣಿ ತಲೆಯಾಡಿಸಿ ಒಳಗೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ, ಮೊದಲಿಗಿಂತ ಸಣ್ಣದಾಗಿ, ಕೇಳಿಸಿತು: "ಎರಡು ಈಕ್ವಲ್ ಗುರುತು ಹಾಕಿ ಕೇಳಿದೀಯ, ಅದಕ್ಕೆ ಇಲ್ಲ ಅಂತಿದೆ. ಹಾಗೆ ಕೇಳಿದ್ರೆ ಅದು ಅಕ್ಷರ ನೋಡಲ್ಲ. ಮೊದಲು ಇಟ್ಟಿದ್ದೂ ಈಗ ಬಂದಿದ್ದೂ ಒಂದೇನಾ, ಅದೇ ಜಾಗದಲ್ಲಿರೋ ಅದೇನಾ ಅಂತ ನೋಡುತ್ತೆ. ಇದು ಅದಲ್ಲ. ಹೆಸರು ಒಂದೇ ಅಷ್ಟೇ. ನೀನು ಸಾವಿರ ಸಲ ಕೇಳು, ಸಾವಿರ ಸಲಾನೂ ಅಲ್ಲ ಅಂತಾನೇ ಹೇಳುತ್ತೆ."

"ಮತ್ತೆ ಹೆಂಗ್ ಕೇಳ್ಬೇಕು ಮೇಡಂ?"

"ಈಕ್ವಲ್ಸ್ ಅಂತ ಬರೆದು ಕೇಳ್ಬೇಕು. ಅವಾಗ ಒಳಗೇನಿದೆ ಅಂತ ಒಂದೊಂದೇ ಅಕ್ಷರ ಕೂತು ನೋಡುತ್ತೆ. ಅವಾಗ, ಇದಾಳೆ ಅನ್ನುತ್ತೆ."

ಇದೆ ಎನ್ನಬೇಕಾದಲ್ಲಿ ಇದಾಳೆ ಎಂದದ್ದನ್ನು ಮಕ್ಕಳು ಯಾರೂ ಗಮನಿಸಲಿಲ್ಲ. ಮುನಿಕೆಂಪಮ್ಮನ ಬೆರಳು ಅಕ್ಕಿಯೊಳಗೆ ನಿಂತಿತು. ಕಲ್ಲೋ ಅಕ್ಕಿಯೋ ಎಂದು ಗುರುತಾಗದ ಒಂದು ಬಿಳಿ ಕಾಳನ್ನು ಉಗುರಿನಲ್ಲಿ ಹಿಡಿದು, ಎಸೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಕೂತಳು. ಪಾಠಕ್ಕೆ ಬೇರೆ ಹೆಸರು ಸಿಗಲಿಲ್ಲವೇ ಆ ಹುಡುಗನಿಗೆ? ಮೊದಲ ರಾಣಿಗೆ ನಾಲ್ಕು ತುಂಬಿರಲಿಲ್ಲ. ಜ್ವರ ಬಂದ ಬೆಳಿಗ್ಗೆಯೂ ಅಂಗಳದಲ್ಲಿ ಕೋಳಿ ಮರಿಯ ಹಿಂದೆ ಓಡಿದ್ದಳು. ಗಂಡ ಬ್ಯಾಟರಾಯಪ್ಪ ಎತ್ತಿನ ಗಾಡಿ ಹೂಡಿ ಯಲಹಂಕದ ಡಾಕ್ಟರ ಹತ್ತಿರ ಹೋಗುವಾಗ ಮಡಿಲಲ್ಲಿ ಸುಡುತ್ತಿದ್ದ ಮೈಯ ಬಿಸಿ ಬ್ಯಾಟರಾಯನಪುರ ದಾಟುವಾಗ ಕಡಿಮೆಯಾಯಿತು. ಜ್ವರ ಇಳಿಯಿತು ಎಂದು ಅವಳು ಗಂಡನಿಗೆ ಕೂಗಿ ಹೇಳಿದ್ದಳು. ಸಂತೋಷದಿಂದ ಹೇಳಿದ್ದಳು. ಆಮೇಲೆ ಇನ್ನೊಬ್ಬಳು ಹುಟ್ಟಿದಾಗ ಬ್ಯಾಟರಾಯಪ್ಪ ಬೇರೆ ಹೆಸರು ಇಡೋಣ ಎಂದ. ಅತ್ತೆಯೂ ಸತ್ತ ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಉಂಟು, ಸತ್ತ ಮಗುವಿನದನ್ನು ಇಡುವುದಿಲ್ಲ ಎಂದಳು. ಮುನಿಕೆಂಪಮ್ಮ ಮೂರು ದಿನ ಮಗುವಿಗೆ ಮೊಲೆ ಕೊಡದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೊನೆಗೆ ಅವಳು ಹೇಳಿದ ಹೆಸರೇ ಆಯಿತು. ತೊಟ್ಟಿಲ ಹತ್ತಿರ ಬಾಗಿ ಮೊದಲ ಸಲ ರಾಣಿ ಎಂದು ಕರೆದಾಗ, ಮಗು ಕಣ್ಣು ಬಿಟ್ಟು ನೋಡಿದರೂ ಅವಳು ಅಂಗಳದ ಕಡೆ ಕಿವಿ ಕೊಟ್ಟು ನಿಂತಿದ್ದಳು.

ಎಡೆಗೆ ಹೊಸ ಬಟ್ಟೆ ಇಡುವುದು ಅವರ ಮನೆಯಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು. ಸತ್ತವರಿಗೆ ಪ್ರಿಯವಾದ ತಿಂಡಿ ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುವುದು. ಅವರು ಬಂದು ಉಂಡು, ಬಟ್ಟೆ ನೋಡಿ ಹೋಗುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮನೆಯವರು ಉಡುತ್ತಾರೆ. ಮುನಿಕೆಂಪಮ್ಮ ಪ್ರತಿ ವರ್ಷ ಮೊದಲ ರಾಣಿಗೆ ಲಂಗ ಇಟ್ಟಳು, ಎರಡನೆಯ ರಾಣಿ ಅದನ್ನು ತೊಟ್ಟಳು. ಲಂಗ ಯಾವಾಗಲೂ ದೊಡ್ಡದಾಗುತ್ತಿತ್ತು. ಬೆಳೆಯುವ ಮೈ, ಮುಂದಿನ ವರ್ಷಕ್ಕೆ ಸರಿಯಾಗುತ್ತೆ ಬಿಡು ಎಂದು ಕೇರಿಯವರು ಹೇಳುತ್ತಿದ್ದರು. ಮುಂದಿನ ವರ್ಷ ಬರುತ್ತಿದ್ದದ್ದು ಮತ್ತೂ ದೊಡ್ಡದು. ಯಾಕೆಂದರೆ ಮುನಿಕೆಂಪಮ್ಮ ಅಂಗಡಿಯಲ್ಲಿ ನಿಂತು ಕೈ ಎತ್ತಿ ಇಷ್ಟೆತ್ತರ ಎಂದು ತೋರಿಸುತ್ತಿದ್ದದ್ದು ಹೋದವಳ ಎತ್ತರವನ್ನು. ಆರು ತುಂಬಿದ್ದರೆ ಇಷ್ಟಾಗಿರುತ್ತಿದ್ದಳು, ಹತ್ತಕ್ಕೆ ಇಷ್ಟು, ಮೈನೆರೆದಿದ್ದರೆ ಇಷ್ಟು. ಅವಳು ಬೆಳೆಯುತ್ತಲೇ ಇದ್ದಳು. ಸೇಫ್ಟಿ ಪಿನ್ ಚುಚ್ಚಿ ಸೊಂಟಕ್ಕೆ ಲಂಗ ಬಿಗಿದುಕೊಂಡು ಸ್ಕೂಲಿಗೆ ಹೊರಟಿದ್ದ ರಾಣಿ ಒಂದು ದಿನ ಬಾಗಿಲಲ್ಲಿ ನಿಂತು, "ಅಮ್ಮ, ನಾನು ಯಾವಾಗ ಸರಿಯಾಗ್ತೀನಿ?" ಎಂದು ಕೇಳಿದ್ದಳು. ಲಂಗ ಯಾವಾಗ ಸರಿಯಾಗುತ್ತದೆ ಎಂದಲ್ಲ. ಮುನಿಕೆಂಪಮ್ಮ ಒಲೆ ಊದುತ್ತಿದ್ದಳು, ಹೊಗೆ ಕಣ್ಣಿಗೆ ತುಂಬಿತ್ತು, ಓಗು ಟೈಮಾಯ್ತು ಎಂದಿದ್ದಳು. ಸಾಯುವ ಮುಂಚೆ ಅತ್ತೆ ಆ ಹುಡುಗಿಗೆ ಎಲ್ಲ ಹೇಳಿಬಿಟ್ಟಿದ್ದಳೆಂದು ಕಾಣುತ್ತದೆ. ಅಲ್ಲಿಂದಾಚೆ ರಾಣಿ ಲಂಗದ ವಿಷಯ ಎತ್ತಲಿಲ್ಲ.

ಈಗ ಲಂಗ ಇಲ್ಲ, ಸೀರೆ ರವಿಕೆ. ಸೀರೆಗೆ ಅಳತೆಯ ಕಾಟವಿಲ್ಲ. ರವಿಕೆಗೆ ಉಂಟು. ಹಿರಿಯವಳು ಇದ್ದಿದ್ದರೆ ಮದುವೆಯಾಗಿ ಎರಡು ಹೆತ್ತಿರುತ್ತಿದ್ದಳು, ಮೈ ಕೈ ತುಂಬಿಕೊಂಡಿರುತ್ತಿತ್ತು ಎಂದು ಮುನಿಕೆಂಪಮ್ಮನ ಲೆಕ್ಕ. ಹೆಸರಿಲ್ಲದ ಆ ಎರಡು ಮೊಮ್ಮಕ್ಕಳ ಮುಖವೂ ಅವಳಿಗೆ ಕೆಲವು ಸಲ ಕಾಣುತ್ತಿತ್ತು. ಮದುವೆಯಾಗದೆ ಮೂವತ್ತು ದಾಟಿದವಳು ಮನೆಯಲ್ಲಿ ಬೋರ್ಡಿನ ಮುಂದೆ ನಿಂತಿರುವಾಗ ಇದನ್ನೆಲ್ಲ ಯೋಚಿಸುತ್ತೇನಲ್ಲ ಎಂದು ಆಗಾಗ ಎದೆ ಚುಳುಕ್ಕೆನ್ನುತ್ತಿತ್ತು, ಆದರೆ ಯೋಚನೆ ನಿಲ್ಲುತ್ತಿರಲಿಲ್ಲ. ಹೋದ ಭಾನುವಾರ ರಾಣಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ, ಏನೋ ತರಕಾರಿಯ ಮಾತು ಆಡುವ ಹಾಗೆ ಹೇಳಿದ್ದಳು: ಚಿಕ್ಕಬಾಣಾವರದ ರಘುನಾಥ್, ರೈಲ್ವೆಯವನು, ಹೆಂಡತಿ ತೀರಿಕೊಂಡವನು, ಕೇಳಿದ್ದಾನೆ, ತಾನು ಒಪ್ಪಿದ್ದೇನೆ, ಅಮಾವಾಸ್ಯೆ ಕಳೆದ ಸೋಮವಾರ ರಿಜಿಸ್ಟರ್ ಮದುವೆ. ಪಾಠಕ್ಕೆ ಶನಿವಾರ ಭಾನುವಾರ ಇಲ್ಲಿಗೇ ಬರ್ತೀನಿ. ಆಗ ರಾಣಿ ಎಣ್ಣೆಯ ಕೈಯನ್ನು ಒರೆಸಿಕೊಂಡು, ತಾಯಿಯ ಕಡೆ ನೋಡದೆ, "ಒಂದು ಕೇಳ್ಲಾ?" ಎಂದಳು.

"ಕೇಳವ್ವ."

"ಅವತ್ತು ತೊಡೋಕೆ ರವಿಕೆ ನೀನೇ ಹೊಲಿಸಿಕೊಡು. ಎಡೆಗೆ ಇಡೋದಲ್ಲ. ನನ್ನ ಅಳತೆಗೆ, ನನಗೆ ಅಂತ ಒಂದು."

"ಊಂ."

"ಊಂ ಅಂದ್ರೆ?"

"ಊಂ ಅಂದ್ರೆ ಊಂ ಕಣೆ. ಒಲಿಸಿಕೊಡಲ್ಲ ಅಂದ್ನಾ?"

ಸಂಜೆ ಪಾಠ ಮುಗಿದು ಬಾಗಿಲ ಮುಂದಿನ ಚಪ್ಪಲಿಗಳೆಲ್ಲ ಖಾಲಿಯಾದ ಮೇಲೆ ಮುನಿಕೆಂಪಮ್ಮ ಹಸಿರು ರವಿಕೆ ಕಣವನ್ನು ಸೆರಗಿನ ಕೆಳಗೆ ಇಟ್ಟುಕೊಂಡು ಅಕ್ಬರಿಯ ಅಂಗಡಿಗೆ ಹೋದಳು. ಅಂಗಡಿ ಎಂದರೆ ಮನೆಯ ಮುಂದಿನ ಸಣ್ಣ ಕೋಣೆ, ಒಂದು ಮೆಷಿನ್ನು, ಗೋಡೆ ತುಂಬ ನೇತುಹಾಕಿದ ಯಾರ್ಯಾರದೋ ಎದೆ ಭುಜಗಳು. ಮದುವೆಯಾಗಿ ಈ ಕೇರಿಗೆ ಬಂದಾಗಿನಿಂದ ಅಕ್ಬರಿ ಮುನಿಕೆಂಪಮ್ಮನ ಮನೆಯ ಬಟ್ಟೆ ಹೊಲಿಯುತ್ತಿದ್ದಳು. "ಬನ್ನಿ ಅಮ್ಮಾ, ಬನ್ನಿ. ಏನ್ ಸಮಾಚಾರ? ಅಮಾಸೆ ಬಂತಲ್ಲ, ಇನ್ನೂ ಬಂದಿಲ್ಲ ಅಂತ ನಾನೇ ಅನ್ಕೊಂಡೆ. ಹೋದ ವರ್ಷದ ಹಂಗೇನಾ?" ಅಲ್ಲ ಎಂದಳು ಮುನಿಕೆಂಪಮ್ಮ. ಇದು ಬೇರೆ. ರಾಣಿ ಮದುವೆಗೆ. ಅಕ್ಬರಿ ಮೆಷಿನ್ನಿನಿಂದ ಎದ್ದುಬಿಟ್ಟಳು. "ಅರೆ! ರಾಣಿ ಟೀಚರ್ ಶಾದಿ? ನನಗ್ ಯಾರೂ ಹೇಳ್ಲೇ ಇಲ್ಲ! ಆಯ್ತು ಆಯ್ತು, ಫಸ್ಟ್ ಕ್ಲಾಸಾಗಿ ಮಾಡ್ಕೊಡ್ತೀನಿ. ಅಳತೆ ಬ್ಲೌಸ್ ತಂದಿದೀರಾ?" ತಂದಿಲ್ಲ. "ಹೇಳಿ ಮತ್ತೆ, ಎಷ್ಟ್ ಇಡ್ಲಿ?"

ಮುನಿಕೆಂಪಮ್ಮ ಎರಡೂ ಕೈ ಎತ್ತಿದಳು. ಪ್ರತಿ ವರ್ಷ ಎತ್ತುವ ಹಾಗೆಯೇ ಎತ್ತಿ, ಎದೆಯ ಮುಂದೆ ಅಗಲಿಸಿ, ಭುಜದ ಅಳತೆಗೆ ತಂದು ನಿಲ್ಲಿಸಿದಳು. ಕೈ ನಿಂತ ಜಾಗದಲ್ಲಿ ಎರಡು ಹೆತ್ತ ಆ ಇನ್ನೊಬ್ಬಳು ತುಂಬು ಮೈಯಲ್ಲಿ ನಿಂತಿದ್ದಳು. ಅಲ್ಲ, ಇದಲ್ಲ. ಕೈಯನ್ನು ಸ್ವಲ್ಪ ಒಳಗೆ ತಂದಳು. ಎಷ್ಟು ಒಳಗೆ? ಮತ್ತೆ ಅಗಲಿಸಿದಳು. ಅಕ್ಬರಿ ಟೇಪು ಹಿಡಿದು ಆ ಕೈಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಸೂರಿನ ಕೆಳಗೆ ಇದ್ದ ಮಗಳ ಅಳತೆ ತನ್ನ ಕೈಗೆ ಗೊತ್ತಿಲ್ಲ.

"ಅಮ್ಮಾ," ಎಂದಳು ಅಕ್ಬರಿ ಮೆತ್ತಗೆ, "ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತ್ ಹೇಳ್ತೀನಿ. ನೀವು ಹೇಳೋದು ಯಾವಾಗ್ಲೂ ದೊಡ್ಡ ಆಗುತ್ತೆ. ಟೀಚರ್ ಅಷ್ಟಿಲ್ಲ. ದಸರಾ ಮುಂಚೆ ಅವ್ರು ಪ್ರತಿ ವರ್ಷ ಬಂದು ಎರಡೂ ಪಕ್ಕ ಒಳಗೆ ಹಿಡಿಸ್ಕೊಂಡು ಹೋಗ್ತಾರೆ. ಕತ್ತರಿಸ್ಲಾ ಅಂದ್ರೆ ಬೇಡ ಅಂತಾರೆ. ಬಟ್ಟೆ ಒಳಗೇ ಇರ್ಲಿ, ಅಮ್ಮ ಬಿಚ್ಚಿ ನೋಡಿದ್ರೆ ಅವ್ರು ಹೇಳಿದ್ ಅಳತೆ ಹಂಗೇ ಇರ್ಬೇಕು ಅಂತಾರೆ."

"ಪ್ರತಿ ವರ್ಸ?"

"ಪ್ರತಿ ವರ್ಷ. ನಾನ್ ಅನ್ಕೊಂಡಿದ್ದೆ, ಮಗಳು ದಪ್ಪ ಆಗ್ಲಿ ಅಂತ ಅಮ್ಮನಿಗೆ ಆಸೆ, ಪಾಪ ಅಂತ." ಅಕ್ಬರಿ ನಕ್ಕು, ಎದುರಿಗಿದ್ದ ಮುಖ ನೋಡಿ ನಗು ನಿಲ್ಲಿಸಿದಳು. "ಟೀಚರನ್ನ ಕಳ್ಸಿ, ನಾನೇ ಅಳತೆ ತಗೋತೀನಿ. ಒಂದ್ ನಿಮಿಷದ ಕೆಲ್ಸ."

"ಬ್ಯಾಡ. ನಾನೇ ತರ್ತೀನಿ ಅಳ್ತೆ," ಎಂದು ಮುನಿಕೆಂಪಮ್ಮ ಮೆಟ್ಟಿಲಿಳಿದಳು. ಅಷ್ಟು ಮಾಡುವುದಕ್ಕೂ ಅವಳನ್ನು ಕಳಿಸಬೇಕೆ? ನನಗೆ ಅಂತ ಒಂದು ಎಂದು ಕೇಳಿದವಳಿಗೆ, ನಿನ್ನ ಅಳತೆ ನನಗೆ ಗೊತ್ತಿಲ್ಲ ಹೋಗಿ ಕೊಟ್ಟು ಬಾ ಎನ್ನಬೇಕೆ? ಮನೆಗೆ ನೇರ ಹೋಗದೆ ಅವಳ ಕಾಲು ದೊಡ್ಡ ರಸ್ತೆಯ ಕಡೆ ತಿರುಗಿತು. ಕ್ರೇನಿನ ತುದಿಯಲ್ಲಿ ಕೆಂಪು ದೀಪ. ಅದರ ಈಚೆ, ಅಪಾರ್ಟ್‌ಮೆಂಟಿನ ಗೇಟು ಇರುವ ಕಡೆಯೋ ಅಥವಾ ಅದರಾಚೆಯ ಕಾರು ತೊಳೆಯುವ ಜಾಗದಲ್ಲೋ, ಹಿಂದೆ ಹೊಂಗೆಮರ ಇತ್ತು; ಅದರ ಬುಡದಲ್ಲಿ ಬ್ಯಾಟರಾಯಪ್ಪ ಒಬ್ಬನೇ ಗುಂಡಿ ತೋಡಿದ್ದ. ಮರ ಹೋದ ಮೇಲೆ ಒಂದು ಕಲ್ಲು ಗುರುತಿತ್ತು, ಕಲ್ಲು ಹೋದ ಮೇಲೆ ಬೇಲಿಯ ಮೂಲೆ ಗುರುತಿತ್ತು. ಈಗ ಎಲ್ಲಿ ನಿಂತರೂ ಇದೇ ಇರಬಹುದು, ಇದಲ್ಲದೆಯೂ ಇರಬಹುದು. ಜಾಗ ಹೋದ ಮೇಲೆ ಅವಳು ಎಲ್ಲಿ ಇದ್ದಳು? ನನ್ನ ಎರಡು ಕೈಯ ನಡುವೆ ಇದ್ದಳು, ಎಂದುಕೊಂಡಳು ಮುನಿಕೆಂಪಮ್ಮ. ಅಂಗಡಿಯವರ ಮುಂದೆ, ಅಕ್ಬರಿಯ ಮುಂದೆ, ವರ್ಷಕ್ಕೊಂದು ಸಲ ಕೈ ಎತ್ತಿದಾಗ ಬಂದು ನಿಲ್ಲುತ್ತಿದ್ದಳು. ಈಗ ಆ ಕೈಯನ್ನೂ ಒಳಗೆ ಎಳೆದುಕೋ ಎಂದರೆ? ಗೇಟಿನ ವಾಚ್‌ಮನ್, "ಯಾರ್ ಬೇಕಮ್ಮಾ?" ಎಂದ. "ಯಾರೂ ಬ್ಯಾಡ ಕಣಪ್ಪ," ಎಂದು ತಿರುಗಿ ಬಂದಳು.

ಮರುದಿನ ಪಾಠದ ಹೊತ್ತಿಗೆ ಅವಳು ಮೊರ ಹಿಡಿಯದೆ ಕಿಟಕಿಯ ಪಕ್ಕ ನಿಂತಳು. ರಾಣಿ ಬೋರ್ಡಿಗೆ ಮುಖ ಮಾಡಿ ಏನೋ ಚೌಕಗಳನ್ನು ಬರೆಯುತ್ತಿದ್ದಳು. ಅಕ್ಷರಗಳನ್ನು ಒಂದೊಂದು ಚೌಕದಲ್ಲಿ ಕೂರಿಸಿ, ಸ್ಟ್ರಿಂಗ್ ಅಂದ್ರೆ ಒಂದ್ ಸಲ ಮಾಡಿದ್ಮೇಲೆ ತಿದ್ದೋಕಾಗಲ್ಲ ಕಣ್ರೋ, ಒಂದಕ್ಷರ ಬದಲಾಯಿಸ್ಬೇಕು ಅಂದ್ರೂ ಹೊಸದಾಗಿ ಇನ್ನೊಂದು ಮಾಡ್ಬೇಕು, ಎನ್ನುತ್ತಿದ್ದಳು. "ಹಳೇದು ಏನಾಗುತ್ತೆ ಮೇಡಂ?" ಎಂದಳು ಗಜಾಲಾ. "ಇರುತ್ತೆ. ಯಾರಾದ್ರೂ ಹಿಡ್ಕೊಂಡಿರೋ ತನಕ ಇರುತ್ತೆ. ಯಾರೂ ಹಿಡ್ಕೊಂಡಿಲ್ಲ ಅಂದ್ರೆ ಜಾವಾನೇ ಗುಡಿಸಿ ಜಾಗ ಖಾಲಿ ಮಾಡುತ್ತೆ." ಮುನಿಕೆಂಪಮ್ಮ ಮಾತು ಕೇಳದಿರಲು ಯತ್ನಿಸಿ ಬೆನ್ನು ನೋಡಿದಳು. ಬಲಭುಜ ಎಡಕ್ಕಿಂತ ಕೆಳಗೆ ಇಳಿದಿತ್ತು. ಯಾವಾಗಿನಿಂದ? ಕತ್ತಿನ ಹಿಂದೆ, ಜಡೆ ಶುರುವಾಗುವಲ್ಲಿ, ಬಿಳಿಕೂದಲಿನ ಒಂದು ಎಳೆಗುಂಪು. ಬೆನ್ನಿನ ಮೇಲೆ ಬೆವರಿನ ಗುರುತು. ಇದು ಯಾರ ಬೆನ್ನು ಎಂದು ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ತೋರಿಸಿ ಕೇಳಿದ್ದರೆ ತನಗೆ ಹೇಳಲು ಬರುತ್ತಿತ್ತೇ? ಹೋಗಿ ಗೇಣು ಹಾಕಿ ಅಳೆಯಬೇಕು ಎನ್ನಿಸಿತು. ಗೇಣು ಹಾಕಲು ಮುಟ್ಟಬೇಕು. ಮುಟ್ಟಿದರೆ ಅವಳು ತಿರುಗಿ, ಇಷ್ಟು ವರ್ಷ ಆದ ಮೇಲೆ ಏನಮ್ಮ ಎಂಬ ಮುಖದಲ್ಲಿ ನೋಡಿದರೆ? ಮುನಿಕೆಂಪಮ್ಮ ಹಿತ್ತಲಿಗೆ ಹೋದಳು. ಹಗ್ಗದ ಮೇಲೆ ರಾಣಿಯ ಬಟ್ಟೆ ಒಣಗಿದ್ದವು. ಅವಳು ತಾನೇ ದುಡ್ಡು ಕೊಟ್ಟು ಹೊಲಿಸಿಕೊಂಡ, ದಿನವೂ ತೊಡುವ ರವಿಕೆಗಳು. ಅವುಗಳಲ್ಲಿ ಒಂದು, ಬಣ್ಣ ಪೂರ್ತಿ ಹೋಗಿ ಮೆತ್ತಗಾದದ್ದು, ಎಲ್ಲಕ್ಕಿಂತ ಚಿಕ್ಕದಾಗಿ, ತುದಿಯಲ್ಲಿ ನೇತಾಡುತ್ತಿತ್ತು. ಚಿಕ್ಕದು ಎಂದರೆ ಕಿರಿಯವಳದು. ಅವಳ ಕೈ ಅದನ್ನೇ ಹಿಡಿಯಿತು. ಕ್ಲಿಪ್ಪು ಬಿಚ್ಚುವಾಗ ಕಳ್ಳಿಯ ಹಾಗೆ ಆಚೀಚೆ ನೋಡಿದಳು.

"ಇದು ಬಹಳ ಹಳೇದ್ ಅನ್ಸುತ್ತೆ ಅಮ್ಮಾ," ಎಂದಳು ಅಕ್ಬರಿ, ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ. "ಟೀಚರ್‌ಗೆ ಇದು ಈಗ ಆಗುತ್ತಾ? ಇನ್ನೊಂದ್ ಸಲ ಕೇಳ್ಬಿಡಿ."

"ನನ್ ಮಗಳ ಅಳ್ತೆ ನಂಗೊತ್ತಿಲ್ವಾ?"

"ಹಂಗಲ್ಲ... ಆಯ್ತು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ. ಬಿಗಿ ಆದ್ರೆ ಬಿಚ್ಕೋಬಹುದು."

"ಬಿಡ್ಬ್ಯಾಡ," ಎಂದಳು ಮುನಿಕೆಂಪಮ್ಮ. ತನ್ನ ದನಿ ಏರಿದ್ದು ತನಗೇ ಕೇಳಿಸಿತು. "ಒಳಗೆ ಒಂದೆಳೆ ಬಟ್ಟೆ ಬಿಡ್ಬ್ಯಾಡ. ಕತ್ತರಿಸಾಕು. ಇದು ಅವಳ್ದು ಅಂದ್ರೆ ಅವಳ್ದೇ ಆಗ್ಬೇಕು, ಇನ್ಯಾರ್ದೂ ಅದ್ರೊಳಗೆ ಇರ್ಬಾರ್ದು." ಅಕ್ಬರಿ ಏನೂ ಅರ್ಥವಾಗದೆ ಕತ್ತರಿ ತೆಗೆದುಕೊಂಡಳು. ಹಸಿರು ಚೂರುಗಳು ಮೆಷಿನ್ನಿನ ಕಾಲಿನ ಹತ್ತಿರ ಬಿದ್ದವು. ಮುನಿಕೆಂಪಮ್ಮ ಅವನ್ನು ನೋಡುತ್ತ ನಿಂತಳು. ಮೊದಲ ಸಲ ಮಗಳಿಗೆ ಏನೋ ಕೊಡುತ್ತಿದ್ದೇನೆ ಎಂಬ ಒಂದು ಹಗುರ, ಹಬ್ಬದ ಹಿಂದಿನ ದಿನದ ಹಾಗಿನದು, ಎದೆಯಲ್ಲಿ ಬಂತು.

ಅಮಾವಾಸ್ಯೆ ಶುಕ್ರವಾರ ಬಿತ್ತು. ಬ್ಯಾಟರಾಯಪ್ಪನ ಫೋಟೋದ ಮುಂದೆ ಪಂಚೆ, ಎಲೆ ಅಡಿಕೆ, ಹೊಗೆಸೊಪ್ಪು. ಅದರ ಪಕ್ಕದ ಚಿಕ್ಕ ಎಲೆಗೆ ಕಜ್ಜಾಯ, ಅನ್ನ, ಒಂದು ತುಂಡು ಬೆಲ್ಲ. ಪ್ರತಿ ವರ್ಷ ಮಡಿಸಿದ ಸೀರೆ ರವಿಕೆ ಇಡುತ್ತಿದ್ದ ಜಾಗದ ಮೇಲೆ ಮುನಿಕೆಂಪಮ್ಮ ಒಂದು ಹಿಡಿ ಹೂವು ಹಾಕಿದಳು. ರಾಣಿ ಅದನ್ನು ನೋಡಿದಳು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಇಬ್ಬರೂ ಜಗಲಿಯ ಮೇಲೆ ಕೂತರು. ಕಿಟಕಿಯಿಂದ ಹೊಗೆ ಎಳೆ ಎಳೆಯಾಗಿ ಬರುತ್ತಿತ್ತು. ಒಳಗೆ ಈಗ ಬಂದಿರುತ್ತಾಳೆ. ತುಂಬಿದ ಮೈಯವಳು, ಹಣೆಗೆ ಅಗಲ ಕುಂಕುಮ, ಸೊಂಟದ ಮೇಲೊಂದು ಮಗು. ಎಲೆಯ ಪಕ್ಕ ಬಟ್ಟೆ ಹುಡುಕುತ್ತಾಳೆ. ಮುನಿಕೆಂಪಮ್ಮ ಕಣ್ಣು ಮುಚ್ಚಿ ಅವಳನ್ನು ಕಾಣಲು ನೋಡಿದಳು. ಕಾಣಲಿಲ್ಲ. ಕಂಡದ್ದು ಅಂಗಳದ ಒಂದು ಕೋಳಿ ಮರಿ, ಅದರ ಹಿಂದೆ ಮಣ್ಣು ಮೆತ್ತಿದ ಎರಡು ಸಣ್ಣ ಪಾದ, ಜ್ವರದ ದಿನ ತೊಟ್ಟಿದ್ದ ಹಳದಿ ಚೀಟಿ ಬಟ್ಟೆಯ ಫ್ರಾಕು. ಇಷ್ಟು ಚಿಕ್ಕದಿತ್ತೇ ಅದು? ಇಷ್ಟು ಚಿಕ್ಕದರ ಮೇಲೆ ನಾನು ವರ್ಷ ವರ್ಷ ಅಷ್ಟು ಬಟ್ಟೆ ಹೇರಿದೆನೆ? ಮಗು ಬೆಲ್ಲದ ತುಂಡು ಕೈಗೆತ್ತಿಕೊಂಡು ಹಿಂದೆ ತಿರುಗಿ ನೋಡದೆ ಓಡಿತು. ಪಕ್ಕದಲ್ಲಿ ರಾಣಿ, "ಬಾಗಿಲು ತೆಗೀಲಾ ಅಮ್ಮ?" ಎಂದಳು. "ಇನ್ನೊಂದ್ ಚೂರು ತಡಿ," ಎಂದಳು ಮುನಿಕೆಂಪಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಂಡು. "ಓಗ್ಲಿ."

ಸೋಮವಾರ ಬೆಳಿಗ್ಗೆ ರಾಣಿ ಸ್ನಾನ ಮಾಡಿ ಕೋಣೆಯ ಬಾಗಿಲು ಹಾಕಿಕೊಂಡಳು. ರಘುನಾಥ್ ಆಟೋ ತಂದು ಬೀದಿಯಲ್ಲಿ ನಿಲ್ಲಿಸಿದ್ದ. ಒಳಗೆ ಬರಲು ಸಂಕೋಚ, ಡ್ರೈವರನ ಜೊತೆ ಮಳೆಯ ಮಾತಾಡುತ್ತಿದ್ದ. ಮುಬಶ್ಶಿರ್ ಮತ್ತು ಗಜಾಲಾ ಸ್ವೀಟ್ ಬಾಕ್ಸ್ ಹಿಡಿದು ಬಂದಿದ್ದರು. "ಅಜ್ಜಿ, ಮೇಡಂ ಹೋದ್ಮೇಲೆ ನಮಗೆ ನೀವೇ ಪಾಠ," ಎಂದ ಮುಬಶ್ಶಿರ್. "ಇವನಿಗೆ ಅಜ್ಜಿ ಹೇಳಿದ್ರೇನೇ ತಲೆಗೆ ಹೋಗೋದು," ಎಂದಳು ಗಜಾಲಾ. ಕೋಣೆಯಿಂದ ಬಹಳ ಹೊತ್ತು ಯಾರೂ ಬರಲಿಲ್ಲ. ಮುನಿಕೆಂಪಮ್ಮ ಹೋಗಿ ಬಾಗಿಲು ತಳ್ಳಿದಳು. ರಾಣಿ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು. ಹಸಿರು ರವಿಕೆಯ ಹುಕ್ಕುಗಳನ್ನು ಹೇಗೋ ಹಾಕಿಕೊಂಡಿದ್ದಳು. ಎದೆಯ ಮೇಲೆ ಬಟ್ಟೆ ಅಡ್ಡಡ್ಡ ಗೆರೆಯಾಗಿ ಎಳೆದಿತ್ತು, ತೋಳಿನ ಅಂಚು ಮಾಂಸದೊಳಗೆ ಕೂತು ಕೆಂಪಗೆ ಗುರುತು ಬಿದ್ದಿತ್ತು. "ಸರಿಯಾಗಿದೆ ಅಮ್ಮ," ಎಂದಳು. ಉಸಿರನ್ನು ಪೂರ್ತಿ ಎಳೆದುಕೊಳ್ಳದೆ ಹೇಳಿದ ಮಾತು.

ಅದೇ ಸುಳ್ಳು. ಸೇಫ್ಟಿ ಪಿನ್ನಿನ ಸುಳ್ಳು, ಒಳಗೆ ಮಡಿಸಿ ಹಿಡಿಸಿದ ಬಟ್ಟೆಯ ಸುಳ್ಳು. ಮುನಿಕೆಂಪಮ್ಮ ಗೂಡಿನಲ್ಲಿದ್ದ ಬ್ಲೇಡು ತಂದಳು. "ಕೈ ಎತ್ತು." ರಾಣಿ ಎತ್ತಿದಳು, ಚಿಕ್ಕವಳಿದ್ದಾಗ ಲಂಗ ತೊಡಿಸಿಕೊಳ್ಳಲು ನಿಲ್ಲುತ್ತಿದ್ದ ಹಾಗೆ, ಮೈಯಿಂದ ಸ್ವಲ್ಪ ದೂರಕ್ಕೆ. ಪಕ್ಕದ ಹೊಲಿಗೆ ಬಿಚ್ಚಲು ಮುನಿಕೆಂಪಮ್ಮ ಎಡಗೈಯನ್ನು ಮಗಳ ಪಕ್ಕೆಯ ಮೇಲೆ ಇಟ್ಟಳು. ಬಿಸಿಯಾಗಿತ್ತು. ಉಸಿರಿಗೆ ಏರಿ ಇಳಿಯುತ್ತಿತ್ತು. ಬೆರಳುಗಳು ಒಂದೊಂದಾಗಿ ಆ ಅಗಲವನ್ನು ತಿಳಿದವು. ತಾನು ಇಷ್ಟು ವರ್ಷ ಎತ್ತಿ ತೋರಿಸಿದ್ದಕ್ಕಿಂತ ಕಡಿಮೆ, ಹಗ್ಗದಿಂದ ಕದ್ದು ಒಯ್ದದ್ದಕ್ಕಿಂತ ಜಾಸ್ತಿ. ಇನ್ನೊಂದು ಕೈಯಿಂದ ರವಿಕೆಯ ಅಂಚು ತಿರುಗಿಸಿ, ಬಿಚ್ಚಲು ಒಳಗಿನ ಬಟ್ಟೆ ಹುಡುಕಿದಳು. ಇರಲಿಲ್ಲ. ಹೊಲಿಗೆಯ ಅಂಚಿಗೇ ಕತ್ತರಿಸಿತ್ತು. ಒಂದೆಳೆಯೂ ಬಿಡಬೇಡ ಎಂದು ತಾನೇ ಹೇಳಿದ್ದಳು.

ಅವಳು ಬ್ಲೇಡು ಹಿಡಿದುಕೊಂಡೇ ನಿಂತಳು. "ಒಳಗೆ ಬಟ್ಟೆ ಇಲ್ಲ ಕಣೆ," ಎಂದಳು. "ನಾನೇ ಬ್ಯಾಡ ಅಂದೆ. ನಿಂದೇ ಇರ್ಲಿ ಅಂತ... ಬೇರೇದು ತೊಡು. ಟ್ರಂಕಿನಾಗೆ ಅವೆಲ್ಲ ಅವೆ."

ರಾಣಿ ಎತ್ತಿದ್ದ ಕೈ ಇಳಿಸಿದಳು. ತಾಯಿಯ ಕೈ ಇನ್ನೂ ಅವಳ ಪಕ್ಕೆಯ ಮೇಲೆ ಇತ್ತು; ಅದರ ಮೇಲೆ ತೋಳು ಬಂದು ಕೂತು ಅದನ್ನು ಅಲ್ಲೇ ಹಿಡಿಯಿತು. "ಬೇಡ," ಎಂದಳು. "ಬಿಗಿ ಇದೆ. ಇರ್ಲಿ. ಇದು ನನಗೆ ಅಂತ ಹೊಲಿಸಿದ್ದಲ್ವಾ?" ಆಮೇಲೆ ಸೆರಗನ್ನು ಎರಡು ಸುತ್ತು ಹೊದ್ದು ಹುಕ್ಕಿನ ಗೆರೆಗಳನ್ನು ಮುಚ್ಚಿಕೊಂಡಳು.

ಆಟೋ ಮೂಲೆ ತಿರುಗುವಾಗ ಮುನಿಕೆಂಪಮ್ಮ ಜಗಲಿಯಿಂದ ಕೂಗಿದಳು, "ರಾಣೀ." ಮರೆತುಹೋದ ಏನನ್ನೋ ಕೊಡಲು ಅಲ್ಲ, ಸುಮ್ಮನೆ. ಅಂಗಳದ ಕಡೆ ಅವಳ ಕಿವಿ ಹೋಗಲಿಲ್ಲ. ಆಟೋದ ಪಕ್ಕದಿಂದ ಒಂದು ಕೈ ಹೊರಗೆ ಬಂದು, ಮೇಲೆ ಪೂರ್ತಿ ಏಳಲಾರದೆ, ಅರ್ಧಕ್ಕೇ ಆಡಿತು. ಹಿರಿಯವಳು ಅಮಾವಾಸ್ಯೆಯ ಶುಕ್ರವಾರ ಬೆಲ್ಲ ಹಿಡಿದು ಹೋಗಿದ್ದಳು. ಕಿರಿಯವಳು ಹೋದದ್ದು ಸೋಮವಾರ.